ಐದು ತಿಂಗಳ ಸೂರ್ಯಾಸ್ತಕ್ಕೆ ಒಂದೇ ಹಾಳೆ: ಕರಾವಳಿಗೆ ಹೊಂದುವ ಪಿನ್‌ಹೋಲ್ ಕ್ಯಾಮೆರಾ

ಸೂರ್ಯ ದಿನದಿನವೂ ಸಾಗುವ ದಾರಿಯನ್ನು ತಿಂಗಳುಗಟ್ಟಲೆ ಒಂದೇ ಫೋಟೋ ಕಾಗದದ ಮೇಲೆ ಮೂಡಿಸುವ ವಿಧಾನಕ್ಕೆ ಸೋಲಾರ್ಗ್ರಫಿ ಎನ್ನುತ್ತಾರೆ. ಲೆನ್ಸ್, ಶಟರ್, ಬ್ಯಾಟರಿ ಯಾವುದೂ ಬೇಡ. ಬೆಳಕು ನುಗ್ಗದ ಡಬ್ಬಿ, ಕೂದಲಿಗಿಂತ ನಾಲ್ಕೈದು ಪಟ್ಟು ಅಗಲದ ಒಂದು ರಂಧ್ರ, ಒಳಗೆ ಕಪ್ಪು-ಬಿಳುಪು ಬ್ರೋಮೈಡ್ ಕಾಗದ, ಇಷ್ಟೇ. ಬ್ರಿಟನ್ನಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದ ಬೇಫರ್ಡ್‌ಬರಿ ವೀಕ್ಷಣಾಲಯದಲ್ಲಿ ರೆಜಿನಾ ವಾಲ್ಕೆನ್‌ಬರ್ಗ್ 2012ರಲ್ಲಿ ಕಟ್ಟಿಟ್ಟ ಇಂಥ ಒಂದು ಡಬ್ಬಿ 2020ರವರೆಗೂ ಅಲ್ಲೇ ಉಳಿದು, ಎಂಟು ವರ್ಷ ಮೀರಿದ ಎಕ್ಸ್‌ಪೋಷರ್ ಕೊಟ್ಟಿತು.

ತೊಂದರೆ ಏನೆಂದರೆ, ಈ ಡಬ್ಬಿ ಕಟ್ಟುವ ಸೂಚನೆಗಳಲ್ಲಿ ಹೆಚ್ಚಿನವು ಯುರೋಪಿನ ಆಕಾಶಕ್ಕೆ ಬರೆದವು. ದಕ್ಷಿಣಕ್ಕೆ ಮುಖಮಾಡಿ, ಜೂನ್ 21ಕ್ಕೆ ಇಟ್ಟು ಡಿಸೆಂಬರ್ 21ಕ್ಕೆ ತೆಗೆಯಿರಿ ಎನ್ನುತ್ತವೆ. ಕರ್ನಾಟಕದ ಕರಾವಳಿಯಲ್ಲಿ ಹಾಗೆ ಮಾಡಿದರೆ ಎರಡು ಕಡೆ ಸೋಲು. ಮೊದಲನೆಯದು, ಉಡುಪಿ ಜಿಲ್ಲೆಯ ಕಾಪುವಿನ ಅಕ್ಷಾಂಶ ಸುಮಾರು 13.2 ಡಿಗ್ರಿ. ಅಲ್ಲಿ ಡಿಸೆಂಬರಿನ ಮಧ್ಯಾಹ್ನದಲ್ಲೂ ಸೂರ್ಯ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ದಕ್ಷಿಣಕ್ಕೆ ನೋಡುವ ಡಬ್ಬಿಯ ಚೌಕಟ್ಟಿಗೆ ಅವನು ಸಿಗುವುದೇ ಇಲ್ಲ. ಎರಡನೆಯದು ಮಳೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಕಡಲ ಮೇಲೆ ಮೋಡ ಕವಿದಿರುತ್ತದೆ, ಕಾಗದಕ್ಕೆ ಬಿಸಿಲು ಸಿಗುವುದಿಲ್ಲ, ತೇವ ಮಾತ್ರ ಸಿಗುತ್ತದೆ.

ಹಾಗಾಗಿ ಇಲ್ಲಿನ ಡಬ್ಬಿ ಪಶ್ಚಿಮಕ್ಕೆ ನೋಡಬೇಕು, ಡಿಸೆಂಬರ್ 22ಕ್ಕೆ ತೆರೆದು ಮೇ 31ಕ್ಕೆ ಮುಚ್ಚಬೇಕು. ಕಾಪುವಿನಲ್ಲಿ ಸೂರ್ಯ ಮುಳುಗುವ ದಿಕ್ಕು, ಉತ್ತರದಿಂದ ಪೂರ್ವದ ಕಡೆಗೆ ಸುತ್ತಾಗಿ ಎಣಿಸಿದರೆ, ಡಿಸೆಂಬರಿನಲ್ಲಿ 246 ಡಿಗ್ರಿ, ಮಾರ್ಚ್ 20ರ ಸುಮಾರಿಗೆ ನೇರ ಪಶ್ಚಿಮ 270, ಜೂನ್ 21ಕ್ಕೆ 294. ಒಟ್ಟು ವ್ಯಾಪ್ತಿ 48 ಡಿಗ್ರಿ. ಮೇ ಕೊನೆಯ ಹೊತ್ತಿಗೆ ಸೂರ್ಯ ಇದರಲ್ಲಿ ಒಂದೂವರೆ ಡಿಗ್ರಿ ಚಿಲ್ಲರೆಯನ್ನು ಬಿಟ್ಟು ಉಳಿದೆಲ್ಲವನ್ನೂ ದಾಟಿಬಿಟ್ಟಿರುತ್ತಾನೆ. ಅಂದರೆ ಮಳೆಗಾಲಕ್ಕೆ ಡಬ್ಬಿಯನ್ನು ಒಡ್ಡದೆಯೇ ಅರ್ಧ ವರ್ಷದ ಸೂರ್ಯಾಸ್ತಗಳೆಲ್ಲ ಸಿಕ್ಕಂತೆ. ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಅವಧಿ ನಮ್ಮ ಕರಾವಳಿಗೆ ಬೇರೆ ಇಲ್ಲ.

ಚಿತ್ರದ ಸ್ವರೂಪವೂ ಇಲ್ಲಿ ಬೇರೆ. ಲಂಡನ್ನಿನಂಥ ಊರಲ್ಲಿ ಸೂರ್ಯ ಕ್ಷಿತಿಜಕ್ಕೆ 38 ಡಿಗ್ರಿ ಓರೆಯಲ್ಲಿ ಜಾರುತ್ತಾನೆ. ಕಾಪುವಿನಲ್ಲಿ ಆ ಕೋನ 75ರಿಂದ 77 ಡಿಗ್ರಿ, ಬಹುತೇಕ ನೆಟ್ಟಗೆ ಇಳಿಯುತ್ತಾನೆ. ಹೀಗಾಗಿ ಕಾಗದದ ಮೇಲೆ ಬರುವುದು ಕಮಾನುಗಳಲ್ಲ, ಕೈಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳಂತೆ ಪಕ್ಕಪಕ್ಕದಲ್ಲಿ ಕಡಲಿಗಿಳಿಯುವ ಗೆರೆಗಳು. ಡಿಸೆಂಬರಿನ ಗೆರೆಗಳು ಮಾತ್ರ ಮೇಲೆ ಹೋದಂತೆ ದಕ್ಷಿಣಕ್ಕೆ ಬಾಗುತ್ತವೆ.

ಡಬ್ಬಿ

ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನು ಒಳನಾಡಿಗೆ ಸಾಕು. ಕಡಲ ದಂಡೆಯಲ್ಲಿ ಉಪ್ಪುಗಾಳಿ ತೆಳು ಅಲ್ಯೂಮಿನಿಯಂ ಅನ್ನು ಚುಕ್ಕೆಚುಕ್ಕೆಯಾಗಿ ತಿನ್ನುತ್ತದೆ. ರಂಧ್ರದ ಅಂಚು ಮೊದಲು ಹಾಳಾಗುತ್ತದೆ, ಮತ್ತೆ ಅಲ್ಲಲ್ಲಿ ಹೊಸ ತೂತುಗಳೂ ಬೀಳಬಹುದು. ಇಲ್ಲಿಗೆ 75 ಮಿ.ಮೀ. ಪಿವಿಸಿ ಪೈಪೇ ಸರಿ. ಕೃಷಿಗೆ ಬಳಸುವ ಬೂದು ಬಣ್ಣದ ಪೈಪು ಕೊಳ್ಳಿ. ಬಿಳಿ ಪೈಪಿನ ಗೋಡೆಯ ಮೂಲಕ ಬೆಳಕು ಸೋಸುತ್ತದೆ, ಒಂದು ಮಧ್ಯಾಹ್ನಕ್ಕೆ ಗೊತ್ತಾಗದಿದ್ದರೂ ಐದು ತಿಂಗಳಲ್ಲಿ ಕಾಗದವನ್ನು ಪೂರ್ತಿ ಮಂಕಾಗಿಸುತ್ತದೆ.

ಒಂದು ಕ್ಯಾಮೆರಾಕ್ಕೆ ಬೇಕಾದದ್ದು: 130 ಮಿ.ಮೀ. ಉದ್ದದ ಪೈಪಿನ ತುಂಡು, ಅದೇ ಅಳತೆಯ ಎರಡು ಎಂಡ್ ಕ್ಯಾಪು, ಸಾಲ್ವೆಂಟ್ ಸಿಮೆಂಟು, 0.05 ಮಿ.ಮೀ. ದಪ್ಪದ ಹಿತ್ತಾಳೆ ಹಾಳೆಯ 25 ಮಿ.ಮೀ. ಚೌಕ, ಸಣ್ಣ ಪೊಟ್ಟಣ ಎಂ-ಸೀಲ್, ಮ್ಯಾಟ್ ಕಪ್ಪು ಸ್ಪ್ರೇ ಪೇಂಟ್, ಕಪ್ಪು ಇನ್ಸುಲೇಷನ್ ಟೇಪ್, ಸ್ಟೇನ್‌ಲೆಸ್ ಸ್ಟೀಲಿನ ಹೋಸ್ ಕ್ಲಾಂಪುಗಳು, 5×7 ಇಂಚಿನ ಬ್ರೋಮೈಡ್ ಕಾಗದ ಒಂದು ಹಾಳೆ. ಹಿತ್ತಾಳೆ ಹಾಳೆ ಸಿಗದಿದ್ದರೆ ಕ್ಯಾನಿನಿಂದ ಕತ್ತರಿಸಿದ ಅಲ್ಯೂಮಿನಿಯಂ ಒಂದು ಋತುವಿಗೆ ನಡೆಯುತ್ತದೆ, ಆದರೆ ಅದನ್ನು ತಿಂಗಳಿಗೊಮ್ಮೆ ನೋಡಲೇಬೇಕು.

ಪೈಪು ಕತ್ತರಿಸುವಾಗ ನೇರ ಅಂಚಿನ ಕಾಗದದ ಪಟ್ಟಿಯನ್ನು ಸುತ್ತಿ, ಅದರ ಅಂಚಿಗೆ ಗೆರೆ ಹಾಕಿ ಹ್ಯಾಕ್ಸಾ ಹಿಡಿಯಿರಿ. ಅಂಚು ಓರೆಯಾದರೆ ಕ್ಯಾಪು ಒಂದು ಕಡೆ ಪೂರ್ತಿ ಕೂರುವುದಿಲ್ಲ, ಬೆಳಕು ಅಲ್ಲಿಂದಲೇ ನುಗ್ಗುತ್ತದೆ. 130 ಮಿ.ಮೀ. ಉದ್ದ ಇಡುವುದಕ್ಕೂ ಕಾರಣವಿದೆ: ಕಾಗದದ ಎತ್ತರ 127 ಮಿ.ಮೀ., ಎರಡು ಕ್ಯಾಪುಗಳ ನಡುವೆ ಅದಕ್ಕೆ ಮೇಲೆ ಕೆಳಗೆ ಸರಿಯಲು ಜಾಗವೇ ಇರುವುದಿಲ್ಲ.

ರಂಧ್ರದ ಜಾಗ ಪೈಪಿನ ನಡುಮಧ್ಯದಲ್ಲಿ ಬೇಡ. ಪಿನ್‌ಹೋಲಿನಲ್ಲಿ ಚಿತ್ರ ತಲೆಕೆಳಗು, ಆಕಾಶ ಬೀಳುವುದು ಕಾಗದದ ಕೆಳಭಾಗಕ್ಕೆ. ಕೆಳತುದಿಯಿಂದ 92 ಮಿ.ಮೀ. ಎತ್ತರದಲ್ಲಿ ರಂಧ್ರ ಬಂದರೆ ಆಕಾಶ 52 ಡಿಗ್ರಿವರೆಗೆ ಸಿಗುತ್ತದೆ, ಕೆಳಗಿನ ಮರಳು, ಬಂಡೆ, ನೀರು 26 ಡಿಗ್ರಿವರೆಗೆ ಸಿಗುತ್ತದೆ. ನಡುಮಧ್ಯ ಇಟ್ಟರೆ ಆಕಾಶ 41 ಡಿಗ್ರಿಗೇ ಮುಗಿದು, ಅಷ್ಟೇ ಜಾಗವನ್ನು ಬರೀ ಮರಳು ತಿನ್ನುತ್ತದೆ. 52 ಡಿಗ್ರಿ ಎಂದರೆ ಮಾರ್ಚಿನಲ್ಲಿ ಸೂರ್ಯಾಸ್ತಕ್ಕೆ ಮುಂಚಿನ ಮೂರೂವರೆ ಗಂಟೆ.

ಇಲ್ಲೊಂದು ತೊಡಕು ಬರುತ್ತದೆ. 75 ಮಿ.ಮೀ. ಕ್ಯಾಪಿನ ಅಂಚು ಆಳವಾಗಿರುತ್ತದೆ. ಹಾಗೇ ಹಾಕಿದರೆ ಮೇಲಿನ ಕ್ಯಾಪು ರಂಧ್ರವನ್ನೇ ಮುಚ್ಚಿಬಿಡುತ್ತದೆ. ಆ ಕ್ಯಾಪಿನ ಅಂಚನ್ನು 20 ಮಿ.ಮೀ.ಗೆ ಇಳಿಸಿ ಕತ್ತರಿಸಿ. ಉಳಿದ ಉಂಗುರವನ್ನು ಎಸೆಯಬೇಡಿ, ಅದರ ಒಂದು ತುಂಡು ಮುಂದೆ ರಂಧ್ರದ ಮೇಲಿನ ಮಾಡಿಗೆ, ಅಂದರೆ ಪುಟ್ಟ ಚಾವಣಿಗೆ, ಬೇಕಾಗುತ್ತದೆ.

ಗುರುತಿನ ಜಾಗದಲ್ಲಿ 12 ಮಿ.ಮೀ. ತೂತು ಕೊರೆದು, ಅದರ ಒಳ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ. ಗೋಡೆ ಎರಡೂವರೆ ಮಿ.ಮೀ. ದಪ್ಪವಿದ್ದರೆ ಉಜ್ಜದ ತೂತು ಎರಡು ಪಕ್ಕಗಳ ನೋಟವನ್ನು ಕತ್ತರಿಸುತ್ತದೆ. ಆಮೇಲೆ ಒಳಗೆಲ್ಲ ಮ್ಯಾಟ್ ಕಪ್ಪು ಬಣ್ಣ. ಹೊಳೆಯುವ ಕಪ್ಪು ಬೇಡ, ಅದರಿಂದ ಪುಟಿದ ಬಿಸಿಲು ಕಾಗದದ ಮೇಲೆ ಸುಳ್ಳು ಗೆರೆಗಳನ್ನು ಬಿಡಿಸುತ್ತದೆ. ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ, ಎರಡು ಮೂರು ದಿನ, ಬಿಸಿಲಿಗಿಟ್ಟು ಒಣಗಿಸಿ.

ರಂಧ್ರ

ಇಡೀ ಕೆಲಸದಲ್ಲಿ ತಾಳ್ಮೆ ಬೇಡುವುದು ಇದೊಂದೇ. ರಂಧ್ರದಿಂದ ಎದುರು ಗೋಡೆಗೆ ದೂರ ಸುಮಾರು 72 ಮಿ.ಮೀ. ಆ ದೂರಕ್ಕೆ ರಂಧ್ರ ದೊಡ್ಡದಾದರೆ ಚಿತ್ರ ಮಸುಕು, ಅತಿ ಸಣ್ಣದಾದರೆ ಬೆಳಕು ಅಂಚಿನಲ್ಲಿ ಚದುರಿ ಮತ್ತೆ ಮಸುಕು. ನಡುವಿನ ಅಳತೆಗೆ ಬಳಕೆಯಲ್ಲಿರುವ ಸೂತ್ರ: ದೂರವನ್ನು ಬೆಳಕಿನ ತರಂಗಾಂತರದಿಂದ ಗುಣಿಸಿ, ವರ್ಗಮೂಲ ತೆಗೆದು, 1.9ರಿಂದ ಗುಣಿಸುವುದು. ಬ್ರೋಮೈಡ್ ಕಾಗದ ಹೆಚ್ಚಾಗಿ ನೀಲಿ ಬೆಳಕಿಗೆ ಸ್ಪಂದಿಸುವುದರಿಂದ ತರಂಗಾಂತರ 0.00045 ಮಿ.ಮೀ. ಎಂದಿಟ್ಟುಕೊಂಡರೆ ಉತ್ತರ 0.34 ಮಿ.ಮೀ. ಬರುತ್ತದೆ. 0.30ರಿಂದ 0.38ರವರೆಗೆ ಯಾವುದಾದರೂ ನಡೆಯುತ್ತದೆ.

ಹಿತ್ತಾಳೆಯನ್ನು ದಪ್ಪ ರಟ್ಟಿನ ಮೇಲಿಟ್ಟು, ಇರುವುದರಲ್ಲೇ ಸಣ್ಣ ಹೊಲಿಗೆ ಸೂಜಿಯನ್ನು ನೆಟ್ಟಗೆ ಹಿಡಿದು ಮೊನೆಯಿಂದ ಒತ್ತಿ, ಹಿಂಬದಿಯಲ್ಲಿ ಗುಬುಟು ಏಳುವಷ್ಟೇ. ತಿರುಗಿಸಿ ಆ ಗುಬುಟನ್ನು 800 ನಂಬರಿನ ವಾಟರ್ ಪೇಪರಿನಿಂದ ತೇಯಿರಿ. ಮತ್ತೆ ಸೂಜಿ, ಮತ್ತೆ ತೇಯುವುದು. ಹೀಗೆ ರಂಧ್ರ ನಿಧಾನವಾಗಿ ತೆರೆದುಕೊಳ್ಳಬೇಕು. ಸೂಜಿಯನ್ನು ಒಂದೇ ಏಟಿಗೆ ದಾಟಿಸಿದರೆ ಅದರ ಪೂರ್ತಿ ದಪ್ಪ, ಅರ್ಧ ಮಿ.ಮೀ. ಅಥವಾ ಅದಕ್ಕೂ ಹೆಚ್ಚು, ತೂತಾಗುತ್ತದೆ. ಸುತ್ತ ಹರುಕು ತುಟಿಯೂ ಉಳಿಯುತ್ತದೆ. ಆ ತುಟಿ ಪಕ್ಕದಿಂದ ಬರುವ ಬೆಳಕನ್ನು ತಡೆದು ಚಿತ್ರದ ಅಂಚುಗಳನ್ನು ಕಪ್ಪಾಗಿಸುತ್ತದೆ.

ಅಳೆಯುವುದಕ್ಕೆ ಫ್ಲಾಟ್‌ಬೆಡ್ ಸ್ಕ್ಯಾನರೇ ಸಾಕು. ಹಾಳೆಯನ್ನು 2400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ರಂಧ್ರದ ಅಡ್ಡಗಲವನ್ನು ಪಿಕ್ಸೆಲ್ಲುಗಳಲ್ಲಿ ಎಣಿಸಿ. 0.34 ಮಿ.ಮೀ. ಎಂದರೆ 32 ಪಿಕ್ಸೆಲ್. ಅಡ್ಡ ಮತ್ತು ಉದ್ದ ಎರಡರ ಎಣಿಕೆಯಲ್ಲಿ ಮೂರು ನಾಲ್ಕು ಪಿಕ್ಸೆಲ್ಲಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ರಂಧ್ರ ಮೊಟ್ಟೆಯಾಕಾರ ಎಂದರ್ಥ, ಆ ಚೂರನ್ನು ಬಿಟ್ಟು ಹೊಸದು ಮಾಡಿ. ಹಿತ್ತಾಳೆ ಚೌಕದಲ್ಲಿ ಇನ್ನೂ ಜಾಗವಿರುತ್ತದೆ.

ತಯಾರಾದ ಹಾಳೆಯನ್ನು ಪೈಪಿನ ಹೊರಬದಿಗೇ, ಅದರ ಬಾಗಿಗೆ ಹೊಂದಿಸಿ, ಎಂ-ಸೀಲಿನಿಂದ ನಾಲ್ಕೂ ಅಂಚು ಮುಚ್ಚಿ ಕೂರಿಸಿ. ಒಳಬದಿಗೆ ಅಂಟಿಸಿದರೆ ಹೊರಗೆ 12 ಮಿ.ಮೀ. ಗುಳಿ ಉಳಿಯುತ್ತದೆ, ಅದರಲ್ಲಿ ಮಳೆನೀರು ನಿಲ್ಲುತ್ತದೆ, ಮಣ್ಣಿನ ಗೂಡು ಕಟ್ಟುವ ಕಣಜಕ್ಕೂ ಅಂಥ ಗುಳಿ ಬಹಳ ಇಷ್ಟ. ಕತ್ತರಿಸಿಟ್ಟ ಕ್ಯಾಪಿನ ಉಂಗುರದಿಂದ ಸಣ್ಣ ತುಂಡೊಂದನ್ನು ಮೇಲಿನ ಕ್ಯಾಪಿನ ಅಂಚಿಗೆ ಮಾಡಿನಂತೆ ಅಂಟಿಸಿ. ಅದು 10 ಮಿ.ಮೀ. ಹೊರಚಾಚಿದರೆ ಸಾಕು. 13 ದಾಟಿದರೆ ಮೇಲಿನ ಆಕಾಶ ಕತ್ತರಿಸಿಹೋಗುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ನೇರ ಹನಿಗಳನ್ನು ತಪ್ಪಿಸಲು ಇದು ಬೇಕೇ ಬೇಕು.

ಕಾಗದ

ಪ್ಲಾಸ್ಟಿಕ್ ಲೇಪವಿರುವ ಕಾಗದವನ್ನೇ ಹುಡುಕಿ. ಪ್ಯಾಕಿನ ಮೇಲೆ ಆರ್‌ಸಿ ಎಂದಿರುತ್ತದೆ. ಬರಿ ನಾರಿನ ಫೈಬರ್ ಕಾಗದ ಕರಾವಳಿಯ ತೇವಕ್ಕೆ ಉಬ್ಬಿ ಅಲೆಅಲೆಯಾಗುತ್ತದೆ. ಅವಧಿ ಮೀರಿದ ಹಳೆಯ ಕಾಗದದ ಬಗ್ಗೆ ಚಿಂತೆ ಬೇಡ, ಇಲ್ಲಿ ರಾಸಾಯನಿಕದಲ್ಲಿ ಅದ್ದಿ ಡೆವಲಪ್ ಮಾಡುವುದೇ ಇಲ್ಲವಲ್ಲ. ಡಾರ್ಕ್‌ರೂಮ್ ಮುಚ್ಚಿದ ಹಳೆಯ ಸ್ಟುಡಿಯೊಗಳ ಕಪಾಟಿನಲ್ಲಿ ಅರ್ಧ ಖಾಲಿ ಪೆಟ್ಟಿಗೆಗಳು ಇನ್ನೂ ಸಿಗುತ್ತವೆ, ಕೇಳಿ ನೋಡಿ.

ಡೆವಲಪರ್ ಇಲ್ಲದೆ ಚಿತ್ರ ಮೂಡುವುದು ಹೇಗೆಂದರೆ, ತಿಂಗಳುಗಟ್ಟಲೆ ಬೀಳುವ ಬೆಳಕೇ ಕಾಗದದ ಲೇಪದಲ್ಲಿರುವ ಬೆಳ್ಳಿಯ ಸಂಯುಕ್ತವಾದ ಸಿಲ್ವರ್ ಹ್ಯಾಲೈಡನ್ನು ಒಡೆದು ಕಣ್ಣಿಗೆ ಕಾಣುವಷ್ಟು ಬೆಳ್ಳಿಯ ಕಣಗಳನ್ನು ಬಿಡುಗಡೆ ಮಾಡುತ್ತದೆ. ಆ ಕಣಗಳ ಗಾತ್ರ ಬೇರೆಬೇರೆಯಾಗಿರುವುದರಿಂದ ಕಪ್ಪು-ಬಿಳುಪು ಕಾಗದದಲ್ಲೂ ಕಂದು, ನೇರಳೆ, ಹಳದಿ ಛಾಯೆ ಬರುತ್ತದೆ. ಇದೇ ಕಾರಣಕ್ಕೆ ಕಾಗದ ತುಂಬುವಾಗ ಪೂರ್ತಿ ಕತ್ತಲೆ ಬೇಕಿಲ್ಲ. ರಾತ್ರಿ ಕೋಣೆಯಲ್ಲಿ ಮಂದ ಕೆಂಪು ಬಲ್ಬು ಹಾಕಿಕೊಂಡು ನಿಧಾನವಾಗಿ ಮಾಡಿ. ಐದು ತಿಂಗಳ ಬಿಸಿಲಿನ ಮುಂದೆ ಆ ಬೆಳಕು ಲೆಕ್ಕಕ್ಕಿಲ್ಲ.

ಪೈಪಿನ ಒಳವ್ಯಾಸ 70 ಮಿ.ಮೀ. ಇದ್ದರೆ ಒಳಸುತ್ತಳತೆ 220 ಮಿ.ಮೀ. ಕಾಗದದ ಉದ್ದ 178. ಉಳಿಯುವ 42 ಮಿ.ಮೀ. ಸಂದಿನ ನಡುವೆ ರಂಧ್ರ ಬರಬೇಕು. ಚಿತ್ರ ಹಾಳಾಗುವುದಕ್ಕೆ ಒಂದು ಕಾರಣ ಈ ಸಂದು: ಬಿಸಿಲಿಗೆ ಕಾಗದ ಸಡಿಲಗೊಂಡು ಸುತ್ತ ಜಾರಿ, ರಂಧ್ರದ ಮೇಲೇ ಬಂದು ಕೂತುಬಿಡುತ್ತದೆ. ತಿಂಗಳುಗಳ ನಂತರ ತೆಗೆದರೆ ಅರ್ಧ ಹಾಳೆ ಖಾಲಿ. ರಂಧ್ರದ ಎರಡೂ ಪಕ್ಕ, 20 ಮಿ.ಮೀ. ದೂರದಲ್ಲಿ, ಪಿವಿಸಿಯ ಸಣ್ಣ ಪಟ್ಟಿಗಳನ್ನು ನೆಟ್ಟಗೆ ಅಂಟಿಸಿ ಕಾಗದದ ಅಂಚು ಅವುಗಳಿಗೆ ಒರಗುವಂತೆ ಮಾಡಿದರೆ ಅದು ಎಲ್ಲಿಗೂ ಹೋಗುವುದಿಲ್ಲ. ಹೊಳೆಯುವ ಬದಿ ಒಳಮುಖ. ಯಾವುದು ಇಮಲ್ಷನ್, ಅಂದರೆ ಬೆಳಕಿಗೆ ಸ್ಪಂದಿಸುವ ಲೇಪ, ಎಂದು ತಿಳಿಯದಿದ್ದರೆ ಒದ್ದೆ ಬೆರಳಿನಿಂದ ಒಂದು ಮೂಲೆ ಮುಟ್ಟಿ, ಅಂಟಂಟು ಎನಿಸುವುದೇ ಇಮಲ್ಷನ್.

ಸಿಲಿಕಾ ಜೆಲ್ ಪೊಟ್ಟಣ ಹಾಕಬೇಕೇ ಎಂಬ ಪ್ರಶ್ನೆ ಬರುತ್ತದೆ. ರಂಧ್ರ ಸದಾ ತೆರೆದಿರುವುದರಿಂದ ಅದು ಬೇಗ ತೇವ ಹೀರಿ ತುಂಬಿಕೊಳ್ಳುತ್ತದೆ, ಆಮೇಲೆ ಹಗಲ ಬಿಸಿಗೆ ಅದೇ ತೇವವನ್ನು ಒಳಗೇ ಬಿಡುತ್ತದೆ. ಬೇಡ.

ಕೆಳಗಿನ ಕ್ಯಾಪನ್ನು ಸಾಲ್ವೆಂಟ್ ಸಿಮೆಂಟಿನಿಂದ ಶಾಶ್ವತವಾಗಿ ಅಂಟಿಸಿ, ಕಾಗದ ತುಂಬುವುದಕ್ಕೆ ಒಂದು ದಿನ ಮುಂಚೆಯೇ. ಮೇಲಿನ ಕ್ಯಾಪಿಗೆ ಟೇಪು ಎರಡು ಸುತ್ತು, ಅದರ ಮೇಲೊಂದು ಹೋಸ್ ಕ್ಲಾಂಪು. ಬರಿ ಟೇಪಿನ ಅಂಟು ಏಪ್ರಿಲ್ ಬಿಸಿಲಿಗೆ ಕರಗಿ ಜಾರುತ್ತದೆ.

ನಿಜವಾದ ಹಾಳೆ ಹಾಕುವ ಮೊದಲು ಎರಡು ಪರೀಕ್ಷೆ ಮಾಡಿ. ರಂಧ್ರಕ್ಕೆ ಟೇಪು ಹಚ್ಚಿ, ಒಳಗೆ ಕಾಗದದ ಚೂರುಗಳಿಟ್ಟು, ಮೂರು ದಿನ ನೇರ ಬಿಸಿಲಿನಲ್ಲಿಡಿ. ಚೂರುಗಳು ಹಾಗೇ ಇದ್ದರೆ ಸೋರಿಕೆಯಿಲ್ಲ. ಒಂದು ಅಂಚು ಕಂದಾಗಿದ್ದರೆ ಆ ಬದಿಯ ಕ್ಯಾಪನ್ನು ನೋಡಿ. ಆಮೇಲೆ ಟೇಪು ತೆಗೆದು ಒಂದೇ ಮಧ್ಯಾಹ್ನದಿಂದ ಸೂರ್ಯಾಸ್ತದವರೆಗೆ ಪಶ್ಚಿಮಕ್ಕೆ ಇಡಿ. ಒಂದು ತೆಳು ಗೆರೆ ಕಾಣಬೇಕು. ಅದರ ಅಗಲ ಸುಮಾರು ಒಂದು ಮಿ.ಮೀ. ಇದ್ದರೆ ರಂಧ್ರ ಸರಿಯಿದೆ, ಒಂದೂವರೆ ದಾಟಿದರೆ ರಂಧ್ರ ದೊಡ್ಡದು.

ಎಲ್ಲಿ ಕಟ್ಟುವುದು

ಕಾಪುವಿನ ದೀಪಸ್ತಂಭ 1901ರಲ್ಲಿ ಕಡಲಂಚಿನ ಬಂಡೆಯ ಮೇಲೆ ಕಟ್ಟಿದ್ದು, ಎತ್ತರ ಸುಮಾರು 27 ಮೀಟರ್. ಇಂಥ ಎತ್ತರದ ಗೋಪುರ ಚಿತ್ರದಲ್ಲಿ ಎಷ್ಟು ದೊಡ್ಡದಾಗಿ ಬರುತ್ತದೆಂದು ಮೊದಲೇ ಲೆಕ್ಕ ಹಾಕಬಹುದು: ರಂಧ್ರದಿಂದ ಎದುರು ಗೋಡೆಗಿರುವ 72 ಮಿ.ಮೀ.ಯನ್ನು ಗೋಪುರದ ಎತ್ತರದಿಂದ ಗುಣಿಸಿ, ಗೋಪುರಕ್ಕಿರುವ ದೂರದಿಂದ ಭಾಗಿಸಿ. 120 ಮೀಟರ್ ದೂರದಿಂದ 16 ಮಿ.ಮೀ., 300 ಮೀಟರಿನಿಂದ ಆರೂವರೆ ಮಿ.ಮೀ. ಆರಕ್ಕೆ ಇಳಿದರೆ ಗೋಪುರವೆಂದು ಗುರುತೇ ಸಿಗದು. 100ರಿಂದ 150 ಮೀಟರ್ ಒಳಗೆ ಜಾಗ ಹುಡುಕಿ.

ದಿಕ್ಕನ್ನು ಮೊಬೈಲ್ ದಿಕ್ಸೂಚಿಯಲ್ಲೇ ನೋಡಬಹುದು. ಈ ಭಾಗದಲ್ಲಿ ಕಾಂತೀಯ ಉತ್ತರಕ್ಕೂ ನಿಜ ಉತ್ತರಕ್ಕೂ ಎರಡು ಡಿಗ್ರಿಗಿಂತ ಕಡಿಮೆ ವ್ಯತ್ಯಾಸ. ಕಾಗದದ ಮೇಲೆ ಅಡ್ಡಕ್ಕೆ ಒಂದು ಮಿ.ಮೀ. ಎಂದರೆ ಸುಮಾರು 0.8 ಡಿಗ್ರಿ, ಹಾಗಾಗಿ ಸೂರ್ಯಾಸ್ತಗಳ ಪೂರ್ತಿ ಸಾಲು 60 ಮಿ.ಮೀ. ಜಾಗ ಹಿಡಿಯುತ್ತದೆ. ಗೋಪುರ ಈ ಸಾಲಿನೊಳಗೆ ಎಲ್ಲಿ ನಿಲ್ಲಬೇಕೆಂಬುದೇ ಚಿತ್ರದ ಜೀವ. 270 ಡಿಗ್ರಿಯಲ್ಲಿ ನಿಂತರೆ ಗೆರೆಗಳು ಎರಡೂ ಪಕ್ಕಕ್ಕೆ ಸಮವಾಗಿ ಹಂಚಿಕೊಳ್ಳುತ್ತವೆ, ಆದರೆ 255ರ ಆಸುಪಾಸಿನಲ್ಲಿ ನಿಂತದ್ದು ಹೆಚ್ಚು ಚೆಂದ. ಜನವರಿ, ಫೆಬ್ರುವರಿಯ ತಿಳಿ ಆಕಾಶದ ಗಟ್ಟಿ ಗೆರೆಗಳ ನಡುವೆ ಗೋಪುರದ ಅಂಚು ಕತ್ತರಿಸಿಟ್ಟ ಹಾಗೆ ಬರುತ್ತದೆ. ಮಾರ್ಚಿನಲ್ಲಿ ಸೂರ್ಯ ದಿನಕ್ಕೆ 0.4 ಡಿಗ್ರಿ ಉತ್ತರಕ್ಕೆ ಸರಿಯುತ್ತಾನೆ, ಅಂದರೆ ಕಾಗದದಲ್ಲಿ ಅರ್ಧ ಮಿ.ಮೀ. ಗೆರೆಯ ಅಗಲವೇ ಒಂದು ಮಿ.ಮೀ. ಇರುವುದರಿಂದ ಅಕ್ಕಪಕ್ಕದ ದಿನಗಳು ಒಂದರ ಮೇಲೊಂದು ಬೀಳುತ್ತವೆ. ಗೆರೆಗಳನ್ನು ಬಿಡಿಸಿ ತೋರಿಸುವುದು ನಡುನಡುವೆ ಬರುವ ಮೋಡದ ದಿನಗಳು. ಡಿಸೆಂಬರ್ ಕೊನೆಯ ಎರಡು ವಾರಗಳಲ್ಲಂತೂ ಸೂರ್ಯ ಒಂದೇ ಜಾಗದಲ್ಲಿ ಇಳಿದು ದಪ್ಪ ಪಟ್ಟಿಯಾಗುತ್ತಾನೆ. ಹಾಗಾಗಿ 22ನೇ ತಾರೀಕು ತಪ್ಪಿ ಜನವರಿ 5 ಆದರೂ ಕಳೆದುಕೊಳ್ಳುವುದು ಒಂದು ಮಿ.ಮೀ. ಮಾತ್ರ.

ತೆಂಗಿನ ಮರಕ್ಕೆ ಕಟ್ಟಬೇಡಿ. ಗಾಳಿಗೆ ತೂಗಾಡುವ ಮರ ಚಿತ್ರವನ್ನು ಪೂರ್ತಿ ಕಲಸಿಬಿಡುತ್ತದೆ. ವಿದ್ಯುತ್ ಕಂಬ, ದೀಪಸ್ತಂಭದ ಆವರಣ, ಪುರಾತತ್ತ್ವ ಇಲಾಖೆಯ ಸ್ಮಾರಕ, ಇವು ಯಾವುದಕ್ಕೂ ಕಟ್ಟುವಂತಿಲ್ಲ. ಒಪ್ಪಿಗೆ ಕೊಟ್ಟವರ ಮನೆಯ ತಾರಸಿಯ ಕಾಂಕ್ರೀಟ್ ಕಂಬ, ಕಾಂಪೌಂಡಿನ ಕಲ್ಲುಕಂಬ ಒಳ್ಳೆಯದು. ಎರಡು ಸ್ಟೇನ್‌ಲೆಸ್ ಕ್ಲಾಂಪುಗಳಿಂದ ಮೇಲೊಂದು ಕೆಳಗೊಂದು ಬಿಗಿಯಿರಿ. ಜಿಐ ತಂತಿ ಉಪ್ಪಿಗೆ ತುಕ್ಕು ಹಿಡಿದು ಸಡಿಲವಾಗುತ್ತದೆ, ಬಿಳಿ ಕೇಬಲ್ ಟೈ ಬಿಸಿಲಿಗೆ ಪುಡಿಯಾಗುತ್ತದೆ. ಡಬ್ಬಿ ಒಂದು ಡಿಗ್ರಿ ತಿರುಗಿದರೂ ಗೋಪುರ ಎರಡಾಗಿ ಕಾಣುತ್ತದೆ. ಪೈಪಿನಿಂದ ಕಂಬಕ್ಕೆ ಪೆನ್ಸಿಲಿನ ಗೆರೆಯೊಂದನ್ನು ಹಾಕಿಡಿ, ಅಲುಗಿದೆಯೇ ಎಂದು ದೂರದಿಂದಲೇ ತಿಳಿಯುತ್ತದೆ.

ಇನ್ನೊಂದು ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡೂ ಕಡೆ ಕ್ಯಾಪು ಹಾಕಿ ಕಪ್ಪು ಟೇಪು ಸುತ್ತಿದ ಪೈಪು ನೋಡುವವರಿಗೆ ಬೇರೆಯದೇ ಭಯ ಹುಟ್ಟಿಸುತ್ತದೆ. 2016ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ಕಲಾ ವಿದ್ಯಾರ್ಥಿಗಳು ಸೇತುವೆಗೆ ಅಂಟಿಸಿದ್ದ ಇಂಥದೇ ಡಬ್ಬಿಯನ್ನು ಬಾಂಬೆಂದು ಶಂಕಿಸಿ ಪೊಲೀಸರು ಹೆದ್ದಾರಿ ಬಂದ್ ಮಾಡಿ ಸ್ಫೋಟಿಸಿದ್ದರು. ಡಬ್ಬಿಯ ಮೇಲೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ‘ಫೋಟೋ ತೆಗೆಯುವ ಡಬ್ಬಿ, ತೆರೆಯಬೇಡಿ’ ಎಂದು ಬರೆದು, ಫೋನ್ ನಂಬರ್ ಹಾಕಿ, ಅಕ್ಕಪಕ್ಕದವರಿಗೆ ಬಾಯಿಮಾತಿನಲ್ಲೂ ಹೇಳಿ. ಸಾರ್ವಜನಿಕ ಜಾಗಕ್ಕೆ ಹತ್ತಿರವಾದರೆ ಠಾಣೆಗೂ ತಿಳಿಸಿರಿ.

ತಿಂಗಳಿಗೊಮ್ಮೆ ಭೂತಗನ್ನಡಿಯಲ್ಲಿ ರಂಧ್ರ ನೋಡಿ. ಉಪ್ಪಿನ ಹರಳು ಕೂತಿದ್ದರೆ ಬಣ್ಣ ಬಳಿಯುವ ಮೆತ್ತನೆಯ ಬ್ರಶ್ಶನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಮ್ಮೆ ಸವರಿ. ಸೂಜಿ ಚುಚ್ಚಬೇಡಿ, ರಂಧ್ರ ದೊಡ್ಡದಾಗುತ್ತದೆ.

ತೆಗೆದ ಮೇಲೆ

ಮೊದಲು ರಂಧ್ರಕ್ಕೆ ಟೇಪು, ಆಮೇಲೆ ಕ್ಲಾಂಪು ಬಿಚ್ಚುವುದು. ಕತ್ತಲ ಕೋಣೆಯಲ್ಲಿ ಕಾಗದ ಹೊರತೆಗೆದು, ತೇವವಿದ್ದರೆ ಅಲ್ಲೇ ಕತ್ತಲಲ್ಲಿ ಒಣಗಲು ಬಿಡಿ. ಒದ್ದೆ ಇಮಲ್ಷನ್ ಸ್ಕ್ಯಾನರಿನ ಗಾಜಿಗೆ ಅಂಟಿದರೆ ಚಿತ್ರ ಕಿತ್ತುಬರುತ್ತದೆ. ಫೋಟೋವನ್ನು ಸ್ಥಿರಗೊಳಿಸುವ ಫಿಕ್ಸರ್ ದ್ರಾವಣಕ್ಕೆ ಹಾಕುವ ಆಸೆ ಬೇಡ. ಈ ಸೂಕ್ಷ್ಮ ಬೆಳ್ಳಿಯ ಬಹುಪಾಲನ್ನು ಅದು ತೊಳೆದುಬಿಡುತ್ತದೆ, ಉಳಿಯುವುದು ಪೇಲವ ಹಳದಿ.

ಚಿತ್ರ ಇನ್ನೂ ಬೆಳಕಿಗೆ ಸ್ಪಂದಿಸುತ್ತಲೇ ಇರುತ್ತದೆ, ಆದ್ದರಿಂದ ಸ್ಕ್ಯಾನು ಒಂದೇ ಬಾರಿ, ಪ್ರಿವ್ಯೂ ಇಲ್ಲದೆ. ಅದೇ ಅಳತೆಯ ಖಾಲಿ ಕಾಗದವಿಟ್ಟು ಸ್ಕ್ಯಾನ್ ಮಾಡುವ ಜಾಗವನ್ನು ಮೊದಲೇ ಗುರುತಿಸಿಕೊಳ್ಳಿ. ಬಣ್ಣದ ಮೋಡ್, ಪ್ರತಿ ಬಣ್ಣಕ್ಕೆ 16 ಬಿಟ್, 600 ಡಿಪಿಐ, ಟಿಫ್ ಕಡತ. ಸ್ವಯಂ ತಿದ್ದುಪಡಿ, ಧೂಳು ತೆಗೆಯುವ ಆಯ್ಕೆ, ಎಲ್ಲ ಆಫ್. 600 ಡಿಪಿಐಗೇ ಒಂದು ಮಿ.ಮೀ. ಗೆರೆ 24 ಪಿಕ್ಸೆಲ್ ಆಗುತ್ತದೆ, ಈ ರಂಧ್ರ ಕೊಡುವ ವಿವರಕ್ಕೆ ಅದು ಧಾರಾಳ.

ಫೋಟೋ ತಿದ್ದುವ ಉಚಿತ ತಂತ್ರಾಂಶ ಜಿಂಪ್‌ನಲ್ಲಿ ತೆರೆದು ಮೊದಲು ಬಣ್ಣಗಳನ್ನು ಇನ್ವರ್ಟ್ ಮಾಡಿ, ಕಾಗದದ ಮೇಲಿರುವುದು ನೆಗೆಟಿವ್. ನಂತರ ಚಿತ್ರವನ್ನು ಲಂಬವಾಗಿ ಫ್ಲಿಪ್ ಮಾಡಬೇಕು, 180 ಡಿಗ್ರಿ ತಿರುಗಿಸಬಾರದು. ತಿರುಗಿಸಿದರೆ ಎಡಬಲ ಅದಲುಬದಲಾಗಿ, ದಕ್ಷಿಣದ ಗೆರೆಗಳು ಉತ್ತರಕ್ಕೆ ಹೋಗುತ್ತವೆ. ಫ್ಲಿಪ್ ಸರಿಯಾಗಿದ್ದರೆ ಡಿಸೆಂಬರಿನ ದಪ್ಪ ಪಟ್ಟಿ ಎಡಕ್ಕಿರುತ್ತದೆ. ಲೆವೆಲ್ಸ್‌ನಲ್ಲಿ ಮೂರು ಬಣ್ಣಗಳನ್ನೂ ಬೇರೆಬೇರೆಯಾಗಿ ಎರಡೂ ತುದಿಗೆ ಎಳೆದರೆ ಸಾಕು. ಕ್ಷಿತಿಜದ ಕೆಳಗೆ ಗೆರೆಗಳಿಗೆ ನೇರವಾಗಿ ಮಸುಕಾದ ಬೆಳಕಿನ ಪಟ್ಟಿ ಕಂಡರೆ ಅದನ್ನು ಸೋರಿಕೆ ಎಂದು ತಿದ್ದಿ ಅಳಿಸಬೇಡಿ, ಅದು ನೀರಿನ ಮೇಲೆ ಬಿದ್ದ ಸೂರ್ಯನ ಪ್ರತಿಫಲನ.

ಮೂಲ ಹಾಳೆಯನ್ನು ಕಾಗದದ ಪ್ಯಾಕಿನ ಕಪ್ಪು ಚೀಲದಲ್ಲೇ ಹಾಕಿ, ಮೇಲೆ ಜಾಗ, ದಿಕ್ಕು, ತೆರೆದ ಮತ್ತು ಮುಚ್ಚಿದ ತಾರೀಕು ಬರೆದಿಡಿ. ಪೈಪನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಹಿತ್ತಾಳೆ ಹಾಳೆಯನ್ನು ಮತ್ತೊಮ್ಮೆ ಸ್ಕ್ಯಾನರಿನಲ್ಲಿ ಅಳೆಯಿರಿ. ರಂಧ್ರ 0.40 ದಾಟಿದ್ದರೆ ಮುಂದಿನ ಡಿಸೆಂಬರಿಗೆ ಹಾಳೆ ಬದಲಿಸಿ, ಇಲ್ಲದಿದ್ದರೆ ಕಂಬದ ಮೇಲಿನ ಪೆನ್ಸಿಲ್ ಗೆರೆಗೇ ಮತ್ತೆ ಹೊಂದಿಸಿ ಕಟ್ಟಬಹುದು.